ದೊಡ್ಡಮ್ಮನ ಬೆರಳು, ಅನ್ವಿತಾಳ ಪ್ರಶ್ನೆ

ಮುಂಡೇವಿನ ಎಲೆಯನ್ನು ಬೆಂಕಿಗೆ ಹಿಡಿದಾಗ ಬರುವ ವಾಸನೆ ಅರ್ಧ ಹಸಿ, ಅರ್ಧ ಸುಟ್ಟದ್ದು. ಕೇದಗೆ ಜಾತಿಯ ಆ ಉದ್ದ ಎಲೆಯ ಮುಳ್ಳು ಸೀಳಿ ತೆಗೆದು, ಬೆಂಕಿಯಲ್ಲಿ ಬಾಡಿಸಿ, ಸುರುಳಿ ಸುತ್ತಿ, ಕಡ್ಡಿ ಚುಚ್ಚಿ ಕೊಳವೆ ಮಾಡಿದರೆ ಮೂಡೆಯಾಗುತ್ತದೆ. ಅದರೊಳಗೆ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸಿದರೆ ಕೃಷ್ಣಾಷ್ಟಮಿಯ ಕಡುಬು. ಈ ಸಲ ಅಷ್ಟಮಿಯ ಮುನ್ನಾದಿನ ಸಿದ್ಧಕಟ್ಟೆಯಲ್ಲಿ ದೊಡ್ಡಮ್ಮನ ಮನೆಯ ಅಂಗಳಕ್ಕೆ ಕಾಲಿಡುವಾಗಲೇ ಆ ವಾಸನೆ ಮೂಗಿಗೆ ಬಡಿಯಿತು. ಉಳಿದವರಿಗೆ ಅದರಿಂದ ಹಬ್ಬ ನೆನಪಾಗುತ್ತದೆ. ನನಗೆ ಅನ್ವಿತಾ ನೆನಪಾಗುತ್ತಾಳೆ, ಅವಳ ಜೊತೆ ಒಂದು ಆಟಿ ತಿಂಗಳು, ನಮ್ಮ ತುಳುನಾಡಿನ ಆಷಾಢ, ನೆನಪಾಗುತ್ತದೆ. ಮೊದಲೇ ಹೇಳಿಬಿಡುತ್ತೇನೆ, ಇದು ಹೊಟ್ಟೆಕಿಚ್ಚಿನ ಬರಹ. ದೊಡ್ಡ ಮನಸ್ಸಿನವರು ಇಲ್ಲಿಗೇ ಓದು ನಿಲ್ಲಿಸಿದರೆ ನನಗೆ ಬೇಸರವಿಲ್ಲ.

ನಾನು ಮುಂಡಾಜೆಯವಳು. ಫಾರ್ಮಸಿ ಓದಿ ಮೂಡುಬಿದಿರೆಯ ಒಂದು ಸಣ್ಣ ಕಚೇರಿ ಸೇರಿದ್ದೆ, ಈಗಲೂ ಅಲ್ಲೇ ಇದ್ದೇನೆ. ನಮ್ಮದು ವಿಚಿತ್ರ ಕೆಲಸ. ಹೊಸ ಔಷಧವನ್ನು ಜನರ ಮೇಲೆ ಪ್ರಯೋಗ ಮಾಡುವಾಗ ಯಾರಿಗಾದರೂ ಏನಾದರೂ ತೊಂದರೆಯಾದರೆ, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು ಆಸ್ಪತ್ರೆಯವರು ನಮಗೆ ಕಳಿಸುತ್ತಾರೆ. ಒಬ್ಬ 'ತಲೆ ಗಿರ್ರ್ ಅಂತು' ಎನ್ನುತ್ತಾನೆ. ಇನ್ನೊಬ್ಬಳಿಗೆ 'ಭೂಮಿ ವಾಲಿದ ಹಾಗೆ' ಆಗಿರುತ್ತದೆ. ಜಪಾನಿನಲ್ಲಿ, ಬ್ರೆಜಿಲಿನಲ್ಲಿ ಅದೇ ಮಾತ್ರೆ ನುಂಗಿದವರು ಅವರವರ ಭಾಷೆಯಲ್ಲಿ ಇನ್ನೇನೋ ಹೇಳಿರುತ್ತಾರೆ. ಇವರೆಲ್ಲರಿಗೆ ಆದದ್ದು ಒಂದೇ ಎಂದು ತಿಳಿಯಬೇಕಾದರೆ ಎಲ್ಲರ ಮಾತನ್ನೂ ಒಂದೇ ಪದಕೋಶದ ಪದಕ್ಕೆ ಇಳಿಸಬೇಕು. ಆ ಪದಕೋಶಕ್ಕೆ ಮೆಟ್ಟಿಲುಗಳುಂಟು. ಕೆಳಗಿನ ಮೆಟ್ಟಿಲಲ್ಲಿ ರೋಗಿಯ ಮಾತಿಗೆ ತೀರ ಹತ್ತಿರದ ಪದ, ಮೇಲೆ ಹೋದಂತೆ ದೊಡ್ಡ ದೊಡ್ಡ ಗುಂಪು, ತುದಿಯಲ್ಲಿ ನರ, ಹೊಟ್ಟೆ, ಚರ್ಮ ಎಂಬ ಅಂಗಗಳು. ನಾವು ಕೋಡಿಂಗ್ ಮಾಡುವವರು ಪ್ರತಿ ಮಾತಿಗೂ ಅದರ ಮೆಟ್ಟಿಲು ಹುಡುಕಿ ಕೂರಿಸಬೇಕು.

ಇದರಲ್ಲಿ ಒಂದು ಕಟ್ಟುನಿಟ್ಟಿನ ನಿಯಮ, ರೋಗಿ ಹೇಳಿದ್ದಕ್ಕಿಂತ ಒಂದಕ್ಷರ ಹೆಚ್ಚು ಹೇಳಬಾರದು. ಊಹೆ ಮಾಡುವ ಹಾಗಿಲ್ಲ. ಸಂಶಯ ಬಂದರೆ ಆಸ್ಪತ್ರೆಗೆ ಪ್ರಶ್ನೆ ಬರೆದು ಕಳಿಸಬಹುದು, ಆದರೆ ಆ ಪ್ರಶ್ನೆ ಉತ್ತರವನ್ನು ರೋಗಿಯ ಬಾಯಿಗೆ ತುರುಕಬಾರದು. 'ನಿನಗೆ ಜ್ವರ ಇತ್ತಲ್ಲವಾ' ಎಂದು ಕೇಳಕೂಡದು, 'ಏನಾಯಿತು' ಎಂದಷ್ಟೇ ಕೇಳಬೇಕು. ನನಗೆ ಪ್ರಶ್ನೆಗಳೇ ಬೇಕಾಗುತ್ತಿರಲಿಲ್ಲ. ಆಸ್ಪತ್ರೆಯಿಂದ ಬಂದ ಮಾತಿನ ಸಾಲು ನೋಡಿದ ಕೂಡಲೇ ಪದ ಹೊಳೆಯುತ್ತಿತ್ತು. ಎಲ್ಲ ಸಾಲನ್ನೂ ಇಬ್ಬರು, ಒಬ್ಬರದ್ದು ಒಬ್ಬರು ನೋಡದೆ, ಬೇರೆ ಬೇರೆಯಾಗಿ ಕೋಡ್ ಮಾಡುವುದು ನಮ್ಮ ಕ್ರಮ. ಎರಡೂ ತಾಳೆಯಾಗದಿದ್ದರೆ ನಮ್ಮ ಕಚೇರಿಯ ಡಾಕ್ಟರ್ ತೀರ್ಮಾನ ಮಾಡುತ್ತಿದ್ದರು. ಹೆಚ್ಚಿನ ಸಲ ತೀರ್ಮಾನ ನನ್ನ ಕಡೆಗೇ ಆಗುತ್ತಿತ್ತು. ಅದರ ಜಂಬ ನನಗೆ ಬೇಕಾದಷ್ಟಿತ್ತು.

ಅಂಥ ಕಡೆಗೆ ಅನ್ವಿತಾ ಬಂದಳು. ಮಸ್ಕತ್ತಿನಲ್ಲಿ ಹುಟ್ಟಿ ಬೆಳೆದವಳು. ಅಪ್ಪನಿಗೆ ಅಲ್ಲಿ ಹೋಟೆಲು, ಅಮ್ಮನ ಊರು ನಮ್ಮ ಕಡೆಯ ಕೊಕ್ಕಡ. ಅವಳ ತುಳು ಅರ್ಧಂಬರ್ಧ, ಕನ್ನಡ ಪಠ್ಯಪುಸ್ತಕದ್ದು. ಆದರೂ ಬಂದ ವಾರದಲ್ಲೇ ಕ್ಯಾಂಟೀನಿನ ಅಕ್ಕ ಅವಳಿಗೆ ನೀರುದೋಸೆಯ ಜೊತೆ ತನ್ನ ಮನೆಯ ಚಟ್ನಿ ಕೊಡುವುದಕ್ಕೆ ಶುರು ಮಾಡಿದಳು. ಅಷ್ಟು ವರ್ಷ ತಿಂದ ನನಗೆ ಆ ಚಟ್ನಿಯ ಬಣ್ಣವೂ ಗೊತ್ತಿರಲಿಲ್ಲ. ಕೆಲಸದಲ್ಲಿ ಅವಳು ಏನೂ ಚುರುಕಲ್ಲ. ಪ್ರತಿ ಎರಡನೇ ಸಾಲಿಗೆ ಪ್ರಶ್ನೆ. ಬಂಟ್ವಾಳದ ಆಸ್ಪತ್ರೆಯಲ್ಲಿ ರೋಗಿಗಳ ಮಾತು ಬರೆದುಕೊಳ್ಳುತ್ತಿದ್ದ ಲವೀನಾ ನನಗೆ ಫೋನ್ ಮಾಡಿ ದೂರುತ್ತಿದ್ದಳು.

"ಎಂಥ ಮಾರಾಯ್ತಿ, ನಿಮ್ಮ ಆ ಹೊಸ ಹುಡುಗಿಗೆ ತಲೆಬಿಸಿ ಅಂದ್ರೆ ಎಂಥದ್ದು ಅಂತ ಗೊತ್ತಿಲ್ವಾ? ಮೈ ಬಿಸಿಯಾ, ತಲೆ ಮಾತ್ರ ಬಿಸಿಯಾ ಅಂತ ಕೇಳಿ ಕಳಿಸಿದ್ದಾಳೆ!"

ಇಬ್ಬರೂ ಸೇರಿ ನಕ್ಕೆವು. ಆದರೆ ಆ ಮಳೆಗಾಲದ ಮೊದಲಲ್ಲಿ, ಸಾಲುಗಳು ಡಾಕ್ಟರ ಮೇಜಿಗೆ ಹೋಗುವ ಮುಂಚೆ ಎಲ್ಲವನ್ನೂ ಒಮ್ಮೆ ನೋಡುವ ಕೆಲಸ ಯಾರಿಗೆ ಎಂಬ ಮಾತು ಬಂದಾಗ ಡಾಕ್ಟರು ಅವಳ ಹೆಸರು ಹೇಳಿದರು. ಕಿಟಕಿಯ ಪಕ್ಕದ ಮೇಜು ಅವಳದ್ದಾಯಿತು. ನಾನು ಕಂಗ್ರಾಜುಲೇಶನ್ಸ್ ಎಂದೆ. ಹೇಳಿ ಬಂದು ಆ ದಿನ ಎಂದಿಗಿಂತ ಹೆಚ್ಚು ಸಾಲು ಮುಗಿಸಿದೆ.

ಇನ್ನು ದೊಡ್ಡಮ್ಮನ ವಿಷಯ. ನನ್ನ ಅಮ್ಮನ ಅಕ್ಕ, ಹೆಸರು ಕಮಲ. ನಾನು ಬಂಟ್ವಾಳದಲ್ಲಿ ಪಿಯುಸಿ ಓದುವಾಗ ಅವಳ ಮನೆಯಲ್ಲೇ ಇದ್ದದ್ದು. ದಿನಾ ಬೆಳಗ್ಗೆ ನನ್ನ ಜಡೆ ಹೆಣೆಯುವವಳು ಅವಳೇ. ಮೂಡೆ ಕಟ್ಟುವುದರಲ್ಲಿ ಅವಳದ್ದು ಎತ್ತಿದ ಕೈ. ಅಷ್ಟಮಿ, ಚೌತಿ ಬಂತೆಂದರೆ ಬಂಟ್ವಾಳ ಪೇಟೆಯವರು ಬೇರೆಯವರ ಮೂಡೆ ಮುಟ್ಟುತ್ತಿರಲಿಲ್ಲ. ಅವಳ ಮೂಡೆಗೆ ನೀರು ಹೊಯ್ದರೂ ಸೋರುವುದಿಲ್ಲ ಎನ್ನುವುದು ಅವಳ ಹೆಮ್ಮೆ. ಅಂಥವಳ ಬೆರಳ ಗಂಟುಗಳು ಒಂದೊಂದಾಗಿ ಊದಿ, ಕೆಂಪಾಗಿ, ಮಡಚದ ಹಾಗಾದವು. ಒಂದು ಅಷ್ಟಮಿಗೆ ಎಲೆ ತಂದು ಬಾಡಿಸಿ ರಾಶಿ ಹಾಕಿ, ಸುತ್ತಲಿಕ್ಕಾಗದೆ ಅದನ್ನೆಲ್ಲ ದನದ ಕೊಟ್ಟಿಗೆಗೆ ಹಾಕಿದಳು.

ಮರುವರ್ಷ ಬಂಟ್ವಾಳದ ಆಸ್ಪತ್ರೆಯಲ್ಲಿ ಗಂಟುಬೇನೆಯ ಹೊಸ ಮಾತ್ರೆಯ ಪ್ರಯೋಗ ಶುರುವಾದಾಗ ಅವಳು ಸೇರಿದಳು. ಕೆಲವರಿಗೆ ನಿಜ ಮಾತ್ರೆ, ಕೆಲವರಿಗೆ ಬರೀ ಹಿಟ್ಟಿನದ್ದು. ಯಾರಿಗೆ ಯಾವುದು ಎಂದು ಕೊಡುವವರಿಗೂ ಗೊತ್ತಿರುವುದಿಲ್ಲ. ಆದರೆ ದೊಡ್ಡಮ್ಮನ ಬೆರಳಿಗೆ ಗೊತ್ತಾಯಿತು. ಮಳೆ ಹಿಡಿಯುವ ಹೊತ್ತಿಗೆ ಅವಳು ಮುಷ್ಟಿ ಕಟ್ಟಿ ತೋರಿಸಿದಳು. ನಾನು ಹೋದ ಒಂದು ಭಾನುವಾರ ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿ, ಎಣ್ಣೆ ಹಚ್ಚಿ, ಎಷ್ಟೋ ವರ್ಷಗಳ ನಂತರ ಜಡೆ ಹೆಣೆದಳು. "ಈ ಅಷ್ಟಮಿಗೆ ನೋಡು ನೀನು," ಎಂದಳು. ಬಸ್ಸಿನಲ್ಲಿ ಮೂಡುಬಿದಿರೆಯವರೆಗೆ ನಾನು ಆ ಜಡೆಯನ್ನು ಮುಟ್ಟಿ ಮುಟ್ಟಿ ನೋಡಿಕೊಂಡೆ.

ಆ ಪ್ರಯೋಗದ ಸಾಲುಗಳು ನಮ್ಮ ಕಚೇರಿಗೇ ಬರುತ್ತಿದ್ದವು. ಹೆಸರಿಲ್ಲ, ನಂಬರು ಮಾತ್ರ. ಆದರೂ ನನ್ನ ನೆಂಟರೊಬ್ಬರು ಅದರಲ್ಲಿ ಇದ್ದಾರೆಂದು ಡಾಕ್ಟರಿಗೆ ಮೊದಲೇ ಹೇಳಿದ್ದೆ. ಅವಳ ಸಾಲು ನನ್ನ ಕಡೆ ಬರದ ಹಾಗೆ ಅವರು ಮಾಡಿದ್ದರು. ಬಂಟ್ವಾಳದ ಉಳಿದವರ ಸಾಲುಗಳನ್ನು ನಾನು, ಅನ್ವಿತಾ ಇಬ್ಬರೂ ನೋಡುತ್ತಿದ್ದೆವು.

ಆಟಿ ಅಮಾವಾಸ್ಯೆಯ ಹಿಂದಿನ ಸಂಜೆ ನಾನು ದೊಡ್ಡಮ್ಮನಲ್ಲಿಗೆ ಹೋಗಿದ್ದೆ. ನಮ್ಮ ಕಡೆ ಅಮಾವಾಸ್ಯೆಯ ಬೆಳಗ್ಗೆ ಬರಿ ಹೊಟ್ಟೆಗೆ ಪಾಲೆ, ಅಂದರೆ ಹಾಲೆ ಮರದ ಕೆತ್ತೆಯ ಕಷಾಯ ಕುಡಿಯದ ಮನೆಯಿಲ್ಲ. ಸೂರ್ಯ ಹುಟ್ಟುವ ಮೊದಲು ಮರದ ಹತ್ತಿರ ಹೋಗಿ, ಕತ್ತಿ ತಾಗಿಸದೆ, ಕಲ್ಲಿನಿಂದಲೇ ಜಜ್ಜಿ ತೊಗಟೆ ತೆಗೆಯಬೇಕು. ಮರುದಿನ ನಸುಕಿಗೇ ದೊಡ್ಡಮ್ಮನ ಮಗ ರಮೇಶಣ್ಣ ತಂದ. ದೊಡ್ಡಮ್ಮ ಬೆಳ್ಳುಳ್ಳಿ, ಕರಿಮೆಣಸು, ಓಮ ಸೇರಿಸಿ ಅರೆದು, ರಸ ಹಿಂಡಿ, ಒಲೆಯಲ್ಲಿ ಕೆಂಪಗೆ ಕಾಯಿಸಿದ ಬಿಳಿಕಲ್ಲನ್ನು ಅದಕ್ಕೆ ಹಾಕಿದಳು. ಚುಂಯ್ ಎಂದು ಹೊಗೆ ಎದ್ದಿತು. ಕಹಿ ಎಂದರೆ ಅಂಥಿಂಥ ಕಹಿಯಲ್ಲ, ಕಿವಿಯವರೆಗೆ ಹತ್ತುವ ಕಹಿ. ನಾನು ಅರ್ಧ ಲೋಟ ಕುಡಿದು ಮುಖ ಹಿಂಡಿದೆ. ದೊಡ್ಡಮ್ಮ ಬೆರಳಿಗೆ ಒಳ್ಳೆಯದಾಗಲಿ ಎಂದು ಒಂದು ಲೋಟ ತುಂಬ ಕುಡಿದಳು, ಮೇಲಿನಿಂದ ಇನ್ನೂ ಸ್ವಲ್ಪ ಹೊಯ್ದುಕೊಂಡಳು. ಈ ಕಷಾಯ ಭಾರೀ ಉಷ್ಣ, ಅದಕ್ಕೆ ಮೇಲಿನಿಂದ ಮೆಂತೆ ಗಂಜಿ ತಿನ್ನಬೇಕು. ನನ್ನ ಪಾಲಿನ ಗಂಜಿಯನ್ನು ಡಬ್ಬಿಗೆ ತುಂಬಿಸಿ ಮೊದಲ ಬಸ್ಸಿಗೆ ಹತ್ತಿಸಿದಳು.

ಕಚೇರಿಯಲ್ಲಿ ಡಬ್ಬಿ ತೆರೆದಾಗ ಅನ್ವಿತಾ ಮೂಗು ಹತ್ತಿರ ತಂದಳು. ಕೊಡದೆ ಇರುವುದು ಹೇಗೆ? ಕೊಟ್ಟೆ.

"ಚೆನ್ನಾಗಿ ಉಂಟು. ಇವತ್ತೇ ಯಾಕೆ ಇದು?" ಎಂದಳು.

"ಪಾಲೆ ಕಷಾಯ ಕುಡಿದ ಮೇಲೆ ಮೈ ತಂಪಾಗಬೇಕಲ್ಲ, ಅದಕ್ಕೆ."

"ಕಷಾಯ ಅಂದ್ರೆ ಮದ್ದು?"

"ಮದ್ದಲ್ಲ ಮಾರಾಯ್ತಿ. ಆಟಿ ಅಮಾಸೆಗೆ ಎಲ್ಲರೂ ಕುಡಿಯುವಂಥದ್ದು. ನಿನ್ನ ಅಮ್ಮನನ್ನು ಕೇಳು, ಗೊತ್ತಿರ್ತದೆ."

"ಎಲ್ಲರೂ?"

"ಎಲ್ಲರೂ," ಎಂದೆ. ಇಷ್ಟೂ ಗೊತ್ತಿಲ್ಲದವಳಿಗೆ ಕಿಟಕಿಯ ಪಕ್ಕದ ಮೇಜು ಎಂದು ಒಳಗೊಳಗೇ ಅಂದುಕೊಂಡೆ.

ಸಂಜೆ ರಮೇಶಣ್ಣನ ಫೋನು. ದೊಡ್ಡಮ್ಮನಿಗೆ ವಾಂತಿ, ತಲೆಸುತ್ತು, ಎದ್ದು ನಿಲ್ಲಲಿಕ್ಕಾಗದೆ ಬಂಟ್ವಾಳಕ್ಕೆ ಕರೆದುಕೊಂಡು ಹೋಗಿದ್ದಾನೆ. ಮರುದಿನಕ್ಕೆ ಅವಳು ಚೇತರಿಸಿಕೊಂಡಳು. ಆದರೆ ಪ್ರಯೋಗದ ನಿಯಮದಂತೆ ಮಾತ್ರೆ ನಿಲ್ಲಿಸಿದರು. ತೊಂದರೆ ಮಾತ್ರೆಯಿಂದಲೇ ಆದದ್ದು ಎಂದಾದರೆ ಅವಳು ಪ್ರಯೋಗದಿಂದ ಹೊರಗೆ. ಮತ್ತೆ ಆ ಮಾತ್ರೆ ಅಂಗಡಿಯಲ್ಲಿ ಸಿಗುವಂಥದ್ದಲ್ಲ.

ಆ ವಾರ ಬಂಟ್ವಾಳದ ಸಾಲುಗಳು ಒಂದರ ಹಿಂದೆ ಒಂದು ಬಂದವು. ವಾಂತಿ, ತಲೆಸುತ್ತು, ಹೊಟ್ಟೆ ತೊಳೆಸುವುದು, ಭೇದಿ. ಬೇರೆ ಬೇರೆ ನಂಬರು, ಒಂದೇ ತರದ ತೊಂದರೆ. ನಾನು ಎಲ್ಲಕ್ಕೂ ಪದ ಕೂರಿಸಿದೆ, ಒಂದೂ ತಪ್ಪಿರಲಿಲ್ಲ. ಬೇರೆ ಏನಾದರೂ ಮದ್ದು ತೆಗೆದುಕೊಂಡಿದ್ದೀರಾ ಎಂದು ಲವೀನಾ ಎಲ್ಲರನ್ನೂ ಕೇಳಿದ್ದಳು. ಎಲ್ಲರೂ ಇಲ್ಲ ಎಂದಿದ್ದರು. ಡಾಕ್ಟರು ಹಣೆ ಉಜ್ಜಿಕೊಳ್ಳುತ್ತಾ, ಈ ಮಾತ್ರೆಯಲ್ಲಿ ಏನೋ ಉಂಟು, ಕಾರಣ ಸಿಗದಿದ್ದರೆ ಇವರಿಗೆಲ್ಲ ಪೂರ್ತಿ ನಿಲ್ಲಿಸಬೇಕಾಗುತ್ತದೆ ಎಂದರು.

ಭಾನುವಾರ ಹೋದಾಗ ದೊಡ್ಡಮ್ಮ ಜಗಲಿಯಲ್ಲಿ ಕೈ ಮಡಿಲಲ್ಲಿಟ್ಟು ಕೂತಿದ್ದಳು. ಗಂಟುಗಳು ಮತ್ತೆ ಕೆಂಪಾಗತೊಡಗಿದ್ದವು. ಅಷ್ಟಮಿಗೆಂದು ಹೇಳಿ ತರಿಸಿದ ಮುಂಡೇವಿನ ಎಲೆ ಮೂಲೆಯಲ್ಲಿತ್ತು.

"ನೀನು ಅದೇ ಆಫೀಸಿನಲ್ಲಿ ಇರುವುದಲ್ಲವಾ ಸುಜಾತ? ಡಾಕ್ಟರಿಗೆ ಒಂದು ಮಾತು ಹೇಳ್ಲಿಕ್ಕೆ ಆಗುವುದಿಲ್ವಾ?"

"ಹಾಗೆ ಹೇಳುವ ಕ್ರಮ ಇಲ್ಲ ದೊಡ್ಡಮ್ಮ."

"ಸರಿ ಬಿಡು. ಈ ಎಲೆ ಒಣಗುವ ಮೊದಲು ಯಾರಿಗಾದರೂ ಕೊಡುವ," ಎಂದಳು. ಜಡೆಯ ಮಾತೆತ್ತಲಿಲ್ಲ. ನನಗೆ ಅಳು ಬಂತು, ಬಾವಿಕಟ್ಟೆಯ ಕಡೆ ಹೋಗಿ ಮುಖ ತೊಳೆದುಕೊಂಡೆ.

ಸೋಮವಾರ ಅನ್ವಿತಾ ಬಂಟ್ವಾಳದ ಅಷ್ಟೂ ಸಾಲಿಗೆ ಒಂದೇ ಪ್ರಶ್ನೆ ಬರೆದು ಕಳಿಸಿದಳು. 'ತೊಂದರೆ ಶುರುವಾದ ದಿನ, ಬೆಳಗ್ಗೆ ಎದ್ದಾಗಿನಿಂದ ಏನೇನು ತಿಂದರು, ಏನೇನು ಕುಡಿದರು? ಅವರ ಮಾತಿನಲ್ಲೇ ಬರೆಯಿರಿ.' ನೋಡಿ ನನಗೆ ನಗು ಬಂತು. ವಾಂತಿ ಎಂದರೆ ವಾಂತಿ, ಅದಕ್ಕೆ ಅಡುಗೆಮನೆಯ ಪುರಾಣ ಯಾಕೆ? ಲವೀನಾಳೂ ಬೈದಳು. ಆದರೂ ಒಬ್ಬೊಬ್ಬರಿಗೇ ಫೋನ್ ಮಾಡಿ ಕೇಳಿದಳು. ಉತ್ತರಗಳು ಬಂದವು. ಮೊದಲು ಪಾಲೆ ಕಷಾಯ, ಆಮೇಲೆ ಗಂಜಿ. ಎಲ್ಲರದ್ದೂ.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗಾಯಿತು. ಮದ್ದು ಎಂದರೆ ನಮ್ಮವರಿಗೆ ಚೀಟಿ ತೋರಿಸಿ ಅಂಗಡಿಯಿಂದ ತರುವಂಥದ್ದು. ಪಾಲೆ ಕಷಾಯ ಹಬ್ಬದ ಪಾಯಸದ ಸಾಲಿಗೆ ಸೇರಿದ್ದು. ಅದಕ್ಕೆ ಯಾರೂ ಸುಳ್ಳು ಹೇಳದೆಯೇ ಎಲ್ಲರೂ ಇಲ್ಲ ಎಂದಿದ್ದರು. ಕೇಳಿದ ಲವೀನಾ ಹುಟ್ಟಿ ಬೆಳೆದದ್ದು ಇದೇ ಊರಲ್ಲಿ, ಅವಳಿಗೂ ಹೊಳೆಯಲಿಲ್ಲ. ನಾನಂತೂ ದೊಡ್ಡಮ್ಮನ ಜೊತೆ ಅದೇ ಪಾತ್ರೆಯಿಂದ ಕುಡಿದು, ಅವಳು ಮತ್ತೆ ಹೊಯ್ದುಕೊಳ್ಳುವುದನ್ನು ಕಣ್ಣಾರೆ ನೋಡಿ, ನಾಲಿಗೆಯಲ್ಲಿ ಕಹಿ ಇಟ್ಟುಕೊಂಡೇ ಕೆಲಸಕ್ಕೆ ಬಂದವಳು. ಹೊಳೆಯಬೇಕಾದದ್ದು ನನಗೆ. ಹೊಳೆದದ್ದು ಮಸ್ಕತ್ತಿನವಳಿಗೆ, ಅದೂ ನನ್ನದೇ ಡಬ್ಬಿಯ ಗಂಜಿ ತಿಂದು.

ಡಾಕ್ಟರು ನಮ್ಮಿಬ್ಬರನ್ನೂ ಕರೆದರು. "ಇದು ಹೇಗೆ ಹೊಳೆಯಿತು ನಿನಗೆ?" ಎಂದು ಅವಳನ್ನು ಕೇಳಿದರು.

"ನನಗೆ ಹೊಳೆದದ್ದಲ್ಲ ಸರ್. ಸುಜಾತ ಹೇಳಿದ್ದು. ಅವರು ಹೇಳದಿದ್ರೆ ನನಗೆ ಪಾಲೆ ಅಂದ್ರೆ ಎಂಥ ಅಂತಲೇ ಗೊತ್ತಿರ್ಲಿಲ್ಲ."

ಡಾಕ್ಟರು ನನ್ನ ಕಡೆ ತಿರುಗಿ ಭೇಷ್ ಎಂದರು. ಅದಕ್ಕಿಂತ ಅವರು ಕೆನ್ನೆಗೆ ಎರಡು ಕೊಟ್ಟಿದ್ದರೆ ವಾಸಿಯಿತ್ತು. ಅವಳು ಒಂದು ಚೂರು ಜಂಬ ಪಟ್ಟಿದ್ದರೂ ನನಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಒಳ್ಳೆಯವರ ಮೇಲೆ ಹೊಟ್ಟೆಕಿಚ್ಚು ಪಡುವುದರಷ್ಟು ಸುಸ್ತಿನ ಕೆಲಸ ಬೇರೆ ಇಲ್ಲ. ಮನೆಗೆ ಹೋಗಿ ಹೇಳಿಕೊಳ್ಳುವ ಹಾಗೂ ಇಲ್ಲ, ಕೇಳಿದವರು ಅವಳ ಪಕ್ಷವೇ ವಹಿಸುತ್ತಾರೆ.

ರಕ್ತ ಪರೀಕ್ಷೆಗಳು ಸರಿ ಬಂದವು. ಕಾರಣ ಬರೀ ಮಾತ್ರೆಯಲ್ಲ, ಅದರ ಜೊತೆ ಹೊಟ್ಟೆಗೆ ಹೋದ ಕಷಾಯ ಎಂದು ಪ್ರಯೋಗದ ಹಿರಿಯ ವೈದ್ಯರು ಒಪ್ಪಿದರು. ದೊಡ್ಡಮ್ಮನಿಗೆ ಮಾತ್ರೆ ಮತ್ತೆ ಶುರುವಾಯಿತು. ಇನ್ನು ಮೇಲೆ ಪಾಲೆ ಕಷಾಯದ ಸುದ್ದಿಗೆ ಹೋಗಬಾರದು ಎಂದು ಬುದ್ಧಿ ಹೇಳಿ ಕಳಿಸಿದರು. ಅಷ್ಟಮಿಗೆ ಇನ್ನೂ ಸ್ವಲ್ಪ ದಿನವಿರುವಾಗ ಅವಳು ನನಗೆ ಫೋನ್ ಮಾಡಿದಳು.

"ಬೆರಳು ಬಗ್ಗುತ್ತದೆ! ಮೂಡುಬಿದಿರೆ ಆಫೀಸಿನ ಒಬ್ಬಳು ಹುಡುಗಿ ಕೇಳಿದ್ದರಿಂದ ವಿಷಯ ಗೊತ್ತಾದದ್ದು ಅಂತ ಲವೀನಾ ಹೇಳಿದಳು. ನನಗೆ ಗೊತ್ತಿತ್ತು, ನೀನು ಬಾಯಲ್ಲಿ ಆಗುವುದಿಲ್ಲ ಅಂದರೂ ಸುಮ್ಮನೆ ಕೂರುವವಳಲ್ಲ ಅಂತ."

ಹ್ಞೂಂ ಎಂದಿದ್ದರೆ ಮುಗಿಯುತ್ತಿತ್ತು, ಅನ್ವಿತಾ ಕೂಡ ಅದನ್ನೇ ಹೇಳಿದ್ದಾಳಲ್ಲ. ಆದರೆ ಅವಳು ಬಿಟ್ಟುಕೊಟ್ಟದ್ದನ್ನು ಎತ್ತಿಕೊಳ್ಳುವುದಕ್ಕೆ ಮನಸ್ಸು ಒಪ್ಪಲಿಲ್ಲ. "ನಾನಲ್ಲ ದೊಡ್ಡಮ್ಮ, ಅನ್ವಿತಾ ಅಂತ ಬೇರೆ ಹುಡುಗಿ," ಎಂದೆ. ನನ್ನ ಪ್ರಾಮಾಣಿಕತೆಯನ್ನು ಯಾರೂ ಹೊಗಳಬೇಡಿ, ಅದು ಬರೀ ಸೊಕ್ಕು.

"ಹೌದಾ? ಹಾಗಾದರೆ ಅಷ್ಟಮಿಗೆ ಅವಳನ್ನೂ ಕರೆದುಕೊಂಡು ಬಾ," ಎಂದಳು ದೊಡ್ಡಮ್ಮ.

ಕರೆದುಕೊಂಡು ಹೋದೆ. ಅಂಗಳದಲ್ಲಿ ಎಲೆಯ ರಾಶಿ, ಬೆಂಕಿ, ಈ ವಾಸನೆ. ದೊಡ್ಡಮ್ಮನ ಬೆರಳುಗಳು ಎಲೆಯನ್ನು ಸುತ್ತುತ್ತಿದ್ದವು, ಕಡ್ಡಿ ಚುಚ್ಚುತ್ತಿದ್ದವು, ಮುಗಿದದ್ದನ್ನು ಪಕ್ಕಕ್ಕೆ ಎಸೆಯುತ್ತಿದ್ದವು. ನನ್ನ ಕಣ್ಣು ತುಂಬಿತು. ಸಂತೋಷ ಎಂದರೆ ಅದು, ಅದರಲ್ಲಿ ಕಲಬೆರಕೆ ಇರಲಿಲ್ಲ. ಪೇಟೆಗೆ ಕಳಿಸುವ ಮೊದಲು ಮೊದಲ ಕಟ್ಟನ್ನು ದೊಡ್ಡಮ್ಮ ಅನ್ವಿತಾಳ ಮಡಿಲಿಗೆ ಹಾಕಿದಳು. ಅಲ್ಲಿಯವರೆಗೂ ತಡೆದುಕೊಂಡೆ. ಊಟವಾದ ಮೇಲೆ ದೊಡ್ಡಮ್ಮ ಅವಳನ್ನು ಮೆಟ್ಟಿಲ ಮೇಲೆ ಕೂರಿಸಿ, ಮಸ್ಕತ್ತಿನ ನೀರಿಗೆ ಕೂದಲು ಹೀಗೆ ಒರಟಾದದ್ದಾ ಎನ್ನುತ್ತಾ, ಎಣ್ಣೆ ಹಚ್ಚಿ ಜಡೆ ಹೆಣೆದಳು. ನಾನು ಒಳಗೆ ಹೋಗಿ ಯಾರೂ ಹೇಳದೆ ಪಾತ್ರೆಗಳನ್ನೆಲ್ಲ ತೊಳೆದಿಟ್ಟೆ.

ಅನ್ವಿತಾ ಈಗ ಹೈದರಾಬಾದಿನಲ್ಲಿದ್ದಾಳೆ, ದೊಡ್ಡ ಕಂಪನಿಯಲ್ಲಿ. ಕಿಟಕಿಯ ಪಕ್ಕದ ಮೇಜು ನನ್ನದಾಗಿದೆ. ಅಲ್ಲಿ ಕೂತರೆ ಕಾಣುವುದು ಪಕ್ಕದ ಕಟ್ಟಡದ ನೀರಿನ ಟ್ಯಾಂಕಿ ಎಂದು ಮೊದಲೇ ಯಾರಾದರೂ ಹೇಳಿದ್ದರೆ ಅಷ್ಟು ನಿದ್ದೆ ಕೆಡಿಸಿಕೊಳ್ಳುತ್ತಿರಲಿಲ್ಲವೋ ಏನೋ. ಪ್ರತಿ ಆಟಿಯಲ್ಲಿ ಬಂಟ್ವಾಳ, ಬೆಳ್ತಂಗಡಿಯ ಸಾಲುಗಳಿಗೆ 'ಬೆಳಗ್ಗೆ ಎದ್ದಾಗಿನಿಂದ ಏನೇನು' ಎಂಬ ಪ್ರಶ್ನೆ ನನ್ನ ಸಹಿಯಲ್ಲೇ ಹೋಗುತ್ತದೆ. ಹೊಸ ಹುಡುಗಿಯರು ಅದನ್ನು ಅನ್ವಿತಾ ಮೇಡಂ ಪ್ರಶ್ನೆ ಎನ್ನುತ್ತಾರೆ. ಅವಳನ್ನು ನೋಡದವರೂ ಹಾಗೆಯೇ ಹೇಳುತ್ತಾರೆ.

ಪ್ರಯೋಗ ಮುಗಿದ ಮೇಲೂ ದೊಡ್ಡಮ್ಮನಿಗೆ ಆ ಮಾತ್ರೆ ಮುಂದುವರಿಯಿತು. ಕಷಾಯ ಕುಡಿಯಬೇಡ ಎಂದು ನಾನು ಪ್ರತಿ ವರ್ಷ ಹೇಳುತ್ತೇನೆ. "ಅನ್ವಿತಾ ಆಗಲೇ ಫೋನ್ ಮಾಡಿ ಹೇಳಿಯಾಯಿತು," ಎನ್ನುತ್ತಾಳೆ. ಅನ್ವಿತಾ ಪ್ರತಿ ಆಟಿ ಅಮಾವಾಸ್ಯೆಗೆ, ಪ್ರತಿ ಅಷ್ಟಮಿಗೆ ತಪ್ಪದೆ ಫೋನ್ ಮಾಡುತ್ತಾಳೆ.

ಈ ಸಲವೂ ಮಾಡಿದಳು. ನಾನು ಅಂಗಳಕ್ಕೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಜಗಲಿಯಲ್ಲಿದ್ದ ಫೋನು ಹೊಡೆದುಕೊಂಡಿತು. ದೊಡ್ಡಮ್ಮನ ಎರಡೂ ಕೈಯಲ್ಲಿ ಎಲೆ.

"ಅವಳೇ ಇರಬೇಕು. ಸುತ್ತು ಬಿಟ್ಟರೆ ಬಿಚ್ಚಿಹೋಗ್ತದೆ. ನೀನೇ ಸ್ವಲ್ಪ ಹಿಡಿ," ಎಂದಳು.

ಫೋನನ್ನು ಅವಳ ಕಿವಿಗೆ ಹಿಡಿದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತೆ. ಆ ಕಡೆಯಿಂದ ಅನ್ವಿತಾಳ ನಗು ಕೇಳಿಸುತ್ತಿತ್ತು, ತುಳು ಈಗಲೂ ಸರಿಯಾಗಿಲ್ಲ. ದೊಡ್ಡಮ್ಮ ಮಳೆಯ ಕತೆ ಹೇಳಿದಳು, ಎಲೆಯ ರೇಟು ಹೇಳಿದಳು, ನೀನು ಯಾವಾಗ ಬರುತ್ತೀ ಎಂದು ಮತ್ತೆ ಮತ್ತೆ ಕೇಳಿದಳು. ನನ್ನ ತೋಳು ಸೋತುಹೋಯಿತು. ನೆಟ್‌ವರ್ಕ್ ಹೋಯಿತು ಎಂದು ಇಟ್ಟುಬಿಡಬಹುದಿತ್ತು, ಮಳೆಗಾಲದಲ್ಲಿ ಯಾರೂ ಅನುಮಾನ ಪಡುವುದಿಲ್ಲ. ಕಣ್ಣೆದುರು ಆ ಬೆರಳುಗಳು ಎಲೆಯನ್ನು ಸುತ್ತುತ್ತಲೇ ಇದ್ದವು. ನಾನು ಫೋನನ್ನು ಇನ್ನೊಂದು ಕೈಗೆ ಬದಲಾಯಿಸಿ, ಅವಳ ಕಿವಿಗೆ ಸರಿಯಾಗಿ ಹಿಡಿದೆ.